ಸತ್ಯವೇದವೂ ಕಾಲಜ್ಞಾನವೂ

ಕನ್ನಡದ ಪ್ರಾಟೆಸ್ಟಂಟ್ ಕ್ರೈಸ್ತರು ತಮ್ಮ ಧರ್ಮಗ್ರಂಥವನ್ನು ‘ಸತ್ಯವೇದ’ವೆಂದು ಕರೆಯುತ್ತಾರೆ. ಈ ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಬೈಬಲ್’ ಎಂಬ ಮಾತಿಗೆ ಮೂಲ ಗ್ರೀಕಿನಲ್ಲಿ ಹೊತ್ತಗೆಗಳು ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅದು ದಕ್ಷಿಣ ಭಾರತಕ್ಕೆ ಬಂದು ‘ಸತ್ಯವೇದ’ವಾದಾಗ ಆ ಸಾಧು ಹೆಸರಿನೊಳಗೆ ಒಂದು ವಾದವೇ ಸೇರಿಕೊಂಡಿತು. ‘ವೇದ’ ಎಂಬುದು ಈ ನೆಲದಿಂದ ಎರವಲಾಗಿ ಪಡೆದ ಗೌರವ. ‘ಸತ್ಯ’ ಎಂಬುದು ಉಳಿದ ವೇದಗಳ ಮೇಲೆ ಕೊಟ್ಟ ತೀರ್ಪು. ಎರವಲು ಕೊಟ್ಟ ಮನೆಯವರ ಮೇಲೆಯೇ ತೀರ್ಪು ಹೇಳುವ ಈ ಸಮಾಸದಲ್ಲಿ ನಮ್ಮ ನಾಡಿನ ಕ್ರೈಸ್ತಮತದ ಇನ್ನೂರು ವರ್ಷಗಳ ಇಕ್ಕಟ್ಟು ಅಡಗಿದೆಯೆಂದು ನನಗೆ ತೋರುತ್ತದೆ.

ಧಾರ್ಮಿಕ ಸತ್ಯವು ನಿರಪೇಕ್ಷವೋ ಸಾಪೇಕ್ಷವೋ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ನಾನು ತತ್ತ್ವಜ್ಞಾನಿಯಲ್ಲ, ಇತಿಹಾಸದ ವಿದ್ಯಾರ್ಥಿ, ಮತ್ತು ಬೆಳಗಾವಿ ಸೀಮೆಯ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ಆದ್ದರಿಂದ ಪ್ರಶ್ನೆಯನ್ನು ಗಾಳಿಯಲ್ಲಿ ತೂಗಿಸದೆ, ನಮ್ಮ ಕಡೆಯ ಕೆಲವು ಊರುಗಳಲ್ಲಿ ಅದು ಹೇಗೆ ಎದುರಾಯಿತು, ಎದುರಾದಾಗ ಜನ ಏನು ಮಾಡಿದರು ಎಂಬುದನ್ನಷ್ಟೆ ಹೇಳಬಲ್ಲೆ.

ಮೊದಲು ಕ್ರೈಸ್ತರ ಪಕ್ಷವನ್ನು ಅದರ ಬಿರುಸಿನಲ್ಲಿಯೇ ಮುಂದಿಡಬೇಕು. ಮೆತ್ತಗೆ ಮಾಡಿ ಹೇಳಿದರೆ ಪ್ರಶ್ನೆಯೇ ಉಳಿಯುವುದಿಲ್ಲ. ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಯೇಸು ತಾನು ಸತ್ಯವನ್ನು ಬೋಧಿಸುತ್ತೇನೆಂದು ಹೇಳುವುದಿಲ್ಲ, ಸತ್ಯವು ತಾನೇ ಎನ್ನುತ್ತಾನೆ. ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ರೋಮಿನ ಅಧಿಕಾರಿ ಪಿಲಾತನು ಸತ್ಯವೆಂದರೆ ಯಾವುದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋಗುತ್ತಾನೆ. ಕ್ರೈಸ್ತರ ದೃಷ್ಟಿಯಲ್ಲಿ ಉತ್ತರವು ಅವನ ಎದುರಿಗೆ ಕೈಕಟ್ಟಿಸಿಕೊಂಡು ನಿಂತಿತ್ತು. ಸತ್ಯವು ಒಂದು ಸಿದ್ಧಾಂತವಾಗಿದ್ದರೆ ಅದನ್ನು ಹಂಚಿಕೊಳ್ಳಬಹುದು, ತಿದ್ದಬಹುದು, ಬೇರೆ ಸಿದ್ಧಾಂತದೊಡನೆ ಹೊಂದಿಸಬಹುದು. ಅದು ಒಬ್ಬ ವ್ಯಕ್ತಿಯಾಗಿದ್ದರೆ ಒಪ್ಪಬೇಕು ಇಲ್ಲವೆ ಬಿಡಬೇಕು. ಕ್ರೈಸ್ತರ ಹಟವೆಂದು ಉಳಿದವರು ಯಾವುದನ್ನು ಕರೆಯುತ್ತಾರೋ ಅದರ ಬೇರು ಇಲ್ಲಿದೆ.

ಈ ನಂಬಿಕೆಯನ್ನು ಹೊತ್ತು ಬೆಳಗಾವಿಗೆ ಮೊದಲು ಬಂದ ಪ್ರಾಟೆಸ್ಟಂಟರು ಲಂಡನ್ ಮಿಶನರಿ ಸೊಸಾಯಿಟಿಯವರು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಕೋಟೆ ಕಂಪನಿಯ ವಶವಾಯಿತು; 1820ರಲ್ಲಿ ಬಳ್ಳಾರಿಯ ಕಡೆಯಿಂದ ಜೋಸೆಫ್ ಟೇಲರ್ ಬಂದು ನೆಲೆಸಿದ. ಬಳ್ಳಾರಿಯಲ್ಲಿ 1810ರಿಂದ ಜಾನ್ ಹ್ಯಾಂಡ್ಸ್ ಎಂಬಾತ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದ. ಈ ಸೊಸಾಯಿಟಿಯದೊಂದು ಮೂಲನಿಯಮ ಸ್ವಾರಸ್ಯವಾಗಿದೆ. 1795ರಲ್ಲಿ ಹುಟ್ಟಿದ ಸಂಸ್ಥೆ ಮರುವರ್ಷವೇ ಹೀಗೆಂದು ಗೊತ್ತುಮಾಡಿತು: ಬಿಶಪ್ಪರ ಸಭೆಯೋ ಹಿರಿಯರ ಸಭೆಯೋ ಮತ್ತೊಂದೋ ಎಂಬ ಯಾವ ಪಂಗಡದ ಕಟ್ಟಳೆಯನ್ನೂ ನಾವು ಹೊರನಾಡಿಗೆ ಒಯ್ಯುವುದಿಲ್ಲ, ಸುವಾರ್ತೆಯನ್ನು ಮಾತ್ರ ಒಯ್ಯುತ್ತೇವೆ, ಸಭೆಯ ರೂಪವನ್ನು ಆಯಾ ನಾಡಿನ ವಿಶ್ವಾಸಿಗಳೇ ಆರಿಸಿಕೊಳ್ಳಲಿ. ಅಂದರೆ ತಿರುಳು ನಿರಪೇಕ್ಷ, ಸಿಪ್ಪೆ ಸಾಪೇಕ್ಷ. ಕೇಳುವುದಕ್ಕೆ ಸುಲಭವಾಗಿದೆ. ಆದರೆ ತಿರುಳು ಎಲ್ಲಿ ಮುಗಿಯಿತು, ಸಿಪ್ಪೆ ಎಲ್ಲಿ ಮೊದಲಾಯಿತು ಎಂಬುದನ್ನು ಗೊತ್ತುಮಾಡುವವರು ಯಾರು? 1904ರಲ್ಲಿ ಬೆಳಗಾವಿಯ ಈ ಮಿಶನ್ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಒಂದಾಗಿ ಕೂಡಿಕೊಂಡಾಗ ಆ ಮೆಥಡಿಸ್ಟರು ಅದರ ಹೊರಗೆ ಉಳಿದರು. ಸಿಪ್ಪೆಯೂ ಅಷ್ಟು ಸುಲಭವಾಗಿ ಬಿಟ್ಟುಬರುವ ವಸ್ತುವಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಬೆಳಗಾವಿಯಲ್ಲಲ್ಲ, ತುಸು ಮೂಡಣಕ್ಕೆ, ಗದಗಿನ ಸುತ್ತಿನಲ್ಲಿ. ಕಂಪನಿಯ ಸನ್ನದು 1833ರಲ್ಲಿ ಬದಲಾದ ಮೇಲೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಸೇರಿದರು. ಅದೇ 1841ರಲ್ಲಿ ಅವರು ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆಯನ್ನೂ ಕಟ್ಟಿದರು. ದೇವರ ವಾಕ್ಯ ಸಾರಲು ಬಂದವರು ಎರೆಭೂಮಿಯಲ್ಲಿ ಬೇಸಾಯದ ವಸಾಹತು ಕಟ್ಟಿದ್ದೇಕೆ? ಕಾರಣ, ಕಾಲಜ್ಞಾನ.

ಕಾಲಜ್ಞಾನವೆಂಬ ಸಾಹಿತ್ಯ ನಮ್ಮ ಓದುಗರಿಗೆ ಹೊಸದಲ್ಲ. ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಿ, ಬೇರೆ ಶರಣರ ಹೆಸರಿನಲ್ಲಿ, ಮುಂದಾಗುವುದನ್ನು ಒಗಟಿನಂತೆ ನುಡಿಯುವ ವಚನಗಳೂ ಪದಗಳೂ ಉತ್ತರ ಕರ್ನಾಟಕದ ಮಠಗಳಲ್ಲಿ ಓಲೆಗರಿಗಳಾಗಿ ಉಳಿದು ಬಂದಿವೆ. ಕೇಡು ಮಿತಿಮೀರುತ್ತದೆ, ಕುಲದ ಕಟ್ಟು ಮುರಿಯುತ್ತದೆ, ವೀರವಸಂತರಾಯನು ಬಂದು ಧರ್ಮವನ್ನು ನಿಲ್ಲಿಸುತ್ತಾನೆ: ಇಂಥವು ಅದರ ಮಾತುಗಳು. 1840ರ ಸುಮಾರಿಗೆ ಈ ಕಾಲಜ್ಞಾನವನ್ನು ನಂಬಿದ ಲಿಂಗವಂತ ಪಂಗಡವೊಂದರ ಜನ ಬಾಸೆಲ್ ಪಾದ್ರಿಗಳಲ್ಲಿಗೆ ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿರುವ ಕಾಲ ಬಂದಿದೆ, ಪಡುವಣದಿಂದ ಬರಬೇಕಾದವರು ಬಂದಿದ್ದಾರೆ, ಅವರು ನೀವೇ ಇರಬೇಕು ಎಂಬುದು ಅವರ ಮಾತಿನ ಸಾರ. ಮಿಶನರಿಗಳ ಹರ್ಷಕ್ಕೆ ಪಾರವಿರಲಿಲ್ಲ. ಒಬ್ಬಿಬ್ಬರಲ್ಲ, ಇಡಿಯ ಪಂಗಡವೇ ಕ್ರಿಸ್ತನ ಕಡೆಗೆ ತಿರುಗುವ ಹೊತ್ತು ಬಂದಿತೆಂದು ಬಗೆದರು. ಹಾಗೆ ತಿರುಗಿದವರು ತಮ್ಮ ಊರುಗಳಲ್ಲಿ ನೆಲೆ ಕಳೆದುಕೊಂಡಾರು, ಅವರಿಗೆ ನಿಲ್ಲಲು ನೆಲ ಬೇಕು ಎಂದು ಮಲ್ಲಸಮುದ್ರವನ್ನು ಹೂಡಿದರು.

ಕಾಲಜ್ಞಾನಿಗಳ ಸಮೂಹ ಬರಲಿಲ್ಲ. ಮಿಶನರಿಗಳು ಎಣಿಸಿದ ಬೆಳೆ ಆ ಹೊಲದಲ್ಲಿ ಏಳಲಿಲ್ಲ.

ಮಿಶನ್ನಿನ ಇತಿಹಾಸಗಳಲ್ಲಿ ಇದು ಒಂದು ವಿಫಲ ಪ್ರಯತ್ನವೆಂದು ಕೆಲವು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಅದು ಅಷ್ಟಕ್ಕೆ ಮುಗಿಯಬೇಕಾದ ಸಂಗತಿಯಲ್ಲವೆಂದು ನನ್ನ ಎಣಿಕೆ. ಆ ಭೇಟಿಯಲ್ಲಿ ಎರಡು ಗ್ರಂಥಗಳು ಎದುರುಬದುರಾಗಿ ಕುಳಿತಿದ್ದವು. ಕಾಲಜ್ಞಾನಿಗಳು ಪಾದ್ರಿಯ ಮುಖವನ್ನು ನೋಡಿ, ಇವನು ನಮ್ಮ ಓಲೆಯ ಕೊನೆಯ ಗರಿಯಲ್ಲಿ ಬರುವವನು ಎಂದುಕೊಂಡರು. ಪಾದ್ರಿಗಳು ಅವರ ಓಲೆಯನ್ನು ನೋಡಿ, ಇದು ನಮ್ಮ ಸತ್ಯವೇದಕ್ಕೆ ಇವರಲ್ಲಿ ಬರೆದಿಟ್ಟ ಮುನ್ನುಡಿ ಎಂದುಕೊಂಡರು. ಒಬ್ಬೊಬ್ಬರೂ ಇನ್ನೊಬ್ಬರನ್ನು ತಮ್ಮ ಹೊತ್ತಗೆಯ ಒಂದು ಪುಟವಾಗಿ ಓದಿದರು. ಇಬ್ಬರಿಗೂ ತಮ್ಮ ಸತ್ಯ ನಿರಪೇಕ್ಷವೇ. ಇಬ್ಬರಿಗೂ ಎದುರಿನವರ ಸತ್ಯ ಸಾಪೇಕ್ಷವೇ. ನಮ್ಮದು ಪೂರ್ಣ, ನಿಮ್ಮದು ಅದರತ್ತ ಬೆರಳು ಮಾಡುವ ಅಂಶ ಎಂಬ ವಾದವನ್ನು ಕ್ರೈಸ್ತ ಪಂಡಿತರು ಮುಂದೆ ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಕಲ್ಕತ್ತೆಯಲ್ಲಿದ್ದ ಜೆ. ಎನ್. ಫಾರ್ಕರ್ 1913ರಲ್ಲಿ ಕ್ರಿಸ್ತನನ್ನು ಹಿಂದೂ ಧರ್ಮದ ಮುಕುಟವೆಂದು ಪ್ರತಿಪಾದಿಸಿ ಬರೆದ ಗ್ರಂಥ ಅದಕ್ಕೆ ಹೆಸರಾದದ್ದು. ಆದರೆ ಅದೇ ವಾದವನ್ನು ತಿರುವು ಮಾಡಿ, ಎಪ್ಪತ್ತು ವರ್ಷ ಮೊದಲೇ, ಬೆಟಗೇರಿ ಸೀಮೆಯ ಒಕ್ಕಲಿಗರೂ ಜಂಗಮರೂ ಪಾದ್ರಿಗಳ ಮೇಲೆಯೇ ಹೂಡಿದ್ದರು. ಮುಕುಟವನ್ನು ಯಾರು ಯಾರ ತಲೆಗೆ ಇಡುತ್ತಿದ್ದಾರೆ ಎಂಬುದು ಕುಳಿತ ಜಾಗವನ್ನು ನೋಡಿ ಹೇಳಬೇಕಾದ ಮಾತು.

ಇಲ್ಲಿ ‘ಅಪೇಕ್ಷೆ’ ಎಂಬ ಶಬ್ದ ನನ್ನ ನೆನಪಿಗೆ ಬರುತ್ತದೆ. ನಮ್ಮ ಭಾಷೆಯಲ್ಲಿ ನಿರಪೇಕ್ಷವೆಂದರೆ ಬೇರೊಂದನ್ನು ಅವಲಂಬಿಸದ್ದು. ಏನನ್ನೂ ಬಯಸದ್ದು ಎಂಬ ಅರ್ಥವೂ ಅದಕ್ಕುಂಟು. ಮಲ್ಲಸಮುದ್ರದಲ್ಲಿ ಎರಡೂ ಕಡೆ ಅಪೇಕ್ಷೆ ಬೇಕಾದಷ್ಟಿತ್ತು. ಒಬ್ಬರು ಆಸರೆ ಕೊಡುವ ಬಲವುಳ್ಳವರನ್ನು ಕಾಯುತ್ತಿದ್ದರು, ಇನ್ನೊಬ್ಬರು ಲೆಕ್ಕ ಕೊಡಲು ಜನರನ್ನು ಕಾಯುತ್ತಿದ್ದರು. ಇಷ್ಟು ಅಪೇಕ್ಷೆಗಳ ನಡುವೆ ನಿರಪೇಕ್ಷ ಸತ್ಯದ ಮಾತು ಕೇಳಿಸುವುದು ಕಷ್ಟ.

ಇದನ್ನು ಕೇಳಿದ ಕೆಲವರು, ಭಾರತದಲ್ಲಿ ಎಲ್ಲ ದಾರಿಗಳೂ ಒಂದೇ ಊರಿಗೆ ಹೋಗುತ್ತವೆಂದು ಜನ ಸುಮ್ಮನಿದ್ದರು, ನಮ್ಮದೇ ದಾರಿ ಎಂಬ ಹಟವನ್ನು ಹಡಗಿನಲ್ಲಿ ತಂದವರು ಕ್ರೈಸ್ತರು ಎನ್ನಬಹುದು. ವೇದಿಕೆಗಳ ಮೇಲೆ ಈ ಮಾತು ಚೆನ್ನಾಗಿ ಒಪ್ಪುತ್ತದೆ, ಶಾಸನಗಳು ಒಪ್ಪುವುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ಶಾಸನವಿದೆ. ಏಕಾಂತದ ರಾಮಯ್ಯನು ಶಿವನೇ ದೈವವೆಂದು ಜೈನರೊಡನೆ ಪಣ ಕಟ್ಟಿ, ತನ್ನ ತಲೆಯನ್ನು ತಾನೇ ಅರಿದುಕೊಂಡು ಮರಳಿ ಪಡೆದನೆಂದೂ, ಬಿಜ್ಜಳನಿಂದ ಜಯಪತ್ರವನ್ನು ಗೆದ್ದನೆಂದೂ ಅದು ಹೇಳುತ್ತದೆ. ಜಿನಬಿಂಬಗಳನ್ನು ಒಡೆಯುವ ಚಿತ್ರವನ್ನೂ ಗುಡಿಯ ಕಲ್ಲಿನಲ್ಲಿ ಕೊರೆದಿದ್ದಾರೆ. ಸತ್ಯವು ಸಾಪೇಕ್ಷವೆಂದು ತಿಳಿದವನು ತಲೆಯನ್ನು ಪಣಕ್ಕಿಡುವುದಿಲ್ಲ. ಎದುರಿಗಿದ್ದವರ ಮತದಲ್ಲಾದರೋ ಅನೇಕಾಂತವಾದವೆಂಬ, ವಸ್ತುವನ್ನು ಹಲವು ನಿಟ್ಟಿನಿಂದ ನೋಡಬೇಕೆಂಬ, ಜಗತ್ತಿನಲ್ಲಿಯೇ ಅತಿ ಸೂಕ್ಷ್ಮವಾದ ಸಾಪೇಕ್ಷ ತರ್ಕವಿತ್ತು. ಅದು ಅವರ ಬಸದಿಯನ್ನು ಉಳಿಸಲಿಲ್ಲ.

ಇದಕ್ಕೆ ಎದುರಾಗಿ 1368ರ ಶ್ರವಣಬೆಳಗೊಳದ ಶಾಸನವನ್ನು ಇಡಬಹುದು. ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಿದ್ದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವೆಣಿಸಬಾರದೆಂದು ಕಟ್ಟುಮಾಡಿದ. ಈ ಶಾಸನವನ್ನು ಮತಸಮನ್ವಯದ ಸಾಕ್ಷಿಯೆಂದು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಬುಕ್ಕರಾಯನು ತೀರ್ಮಾನಿಸಿದ್ದು ಕಳಸ ಮೊದಲಾದ ಮರ್ಯಾದೆಗಳ ಹಕ್ಕನ್ನು, ನೆಮ್ಮದಿಯಿಂದ ಬಾಳುವ ಹಕ್ಕನ್ನು. ಮೋಕ್ಷದ ದಾರಿ ಯಾವುದೆಂದು ಆತ ತೀರ್ಮಾನಿಸಿದ್ದರೆ ಶಾಸನ ಅಷ್ಟು ದಿನ ಬಾಳುತ್ತಿರಲಿಲ್ಲವೋ ಏನೋ. ನಮ್ಮ ಸಂವಿಧಾನದ 25ನೆಯ ವಿಧಿಯೂ ಹೆಚ್ಚುಕಡಿಮೆ ಬುಕ್ಕರಾಯನ ಪೀಠದಲ್ಲಿಯೇ ಕುಳಿತಿದೆ. ನಂಬುವುದಕ್ಕೆ, ಆಚರಿಸುವುದಕ್ಕೆ, ಸಾರುವುದಕ್ಕೆ ಅದು ಅವಕಾಶ ಕೊಡುತ್ತದೆ. ನಂಬಿದ್ದು ನಿಜವೋ ಎಂದು ಕೇಳುವುದಿಲ್ಲ. ಅರಸನು ಕೇಳಬಾರದ ಪ್ರಶ್ನೆಯನ್ನು ಭಕ್ತನು ಕೇಳದೆ ಇರಲಾರ. ಇವೆರಡನ್ನು ಒಂದೇ ಎಂದು ಬಗೆಯುವುದರಿಂದ ನಮ್ಮ ಚರ್ಚೆಗಳಲ್ಲಿ ಬಹಳ ಗೊಂದಲವಾಗುತ್ತದೆ.

ಮೊದಲು ಗೋಕಾಕ ತಾಲೂಕಿಗೂ ಈಗ ಮೂಡಲಗಿಗೂ ಸೇರಿರುವ ಕುಲಗೋಡ ಎಂಬ ಊರನ್ನು ನಾಟಕ ಬಲ್ಲವರು ಬಲ್ಲರು. ಅಪರಾಳ ತಮ್ಮಣ್ಣ ಕಟ್ಟಿದ ‘ಶ್ರೀಕೃಷ್ಣ ಪಾರಿಜಾತ’ವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಸಿ, ಆಡಿಸಿ, ಸೀಮೆಗೆಲ್ಲ ಹಬ್ಬಿಸಿದ ಕುಲಗೋಡ ತಮ್ಮಣ್ಣನ ಊರು ಅದು. ಮಾಸ್ತರಿಕೆಯ ದಿನಗಳಲ್ಲಿ ಆ ಕಡೆ ಹೋದಾಗಲೆಲ್ಲ ನಾನು ಬೆಳತನಕ ಪಾರಿಜಾತ ನೋಡುತ್ತಿದ್ದೆ. ಒಮ್ಮೆ ಆಟ ಮುಗಿದು ಚಹಾ ಕುಡಿಯುವಾಗ, ನಾನು ಕ್ರಿಶ್ಚನ್ನನೆಂದು ಬಲ್ಲ ಹಿರಿಯರೊಬ್ಬರು ಹೇಳಿದರು: “ನೋಡ್ರಿ ಮಾಸ್ತರ, ಗಿಡಾ ಸತ್ಯಭಾಮಿ ಅಂಗಳದಾಗ, ಹೂವ ಬೀಳೂದು ರುಕ್ಮಿಣಿ ಅಂಗಳದಾಗ. ನಿಮ್ಮ ದೇವರೂ ಹಂಗ, ನಮ್ಮ ದೇವರೂ ಹಂಗ. ಗಿಡಾ ಯಾರದರ ಇರ್ಲಿ, ಹೂವ ಆರಿಸ್ಕೊಂಡ್ರ ಆತ್ರಿ.”

ಎಂಥ ಮಾತು! ಇದಕ್ಕಿಂತ ಸೊಗಸಾಗಿ ಸಾಪೇಕ್ಷವಾದವನ್ನು ಯಾವ ಪಂಡಿತನೂ ಮಂಡಿಸಿದ್ದನ್ನು ನಾನು ಓದಿಲ್ಲ. ಆದರೂ ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಅನಿಸಿದ್ದು, ಈ ಮಾತನ್ನು ನಾನು ಒಪ್ಪಿದರೂ ಸತ್ಯಭಾಮೆ ಒಪ್ಪಳು ಎಂದು. ರಾತ್ರಿಯಿಡೀ ಆಟ ನಡೆದದ್ದು ಹೂವಿಗಾಗಿ ಅಲ್ಲ. ಕೃಷ್ಣನು ತನ್ನವನು, ತನ್ನೊಬ್ಬಳವನು ಎಂಬ ಹಟಕ್ಕಾಗಿ. ಕಥೆ ಆ ಹಟವನ್ನು ಮುರಿಯುತ್ತದೆ, ನಿಜ. ಆದರೆ ಹಟವೇ ಇಲ್ಲದಿದ್ದರೆ ಅದು ಭಕ್ತಿಯ ಕಥೆಯಾಗದೆ ತೋಟಗಾರಿಕೆಯ ಕಥೆಯಾಗುತ್ತಿತ್ತು. ನೀನೊಬ್ಬನೇ ಎಂಬುದು ಒಲವಿನ ಭಾಷೆ. ಚೆನ್ನಮಲ್ಲಿಕಾರ್ಜುನನಲ್ಲದೆ ಬೇರೆ ಗಂಡರನ್ನು ಒಲ್ಲೆನೆಂದ ಅಕ್ಕನದೂ ಅದೇ ಭಾಷೆ, ಏಕದೇವನಿಷ್ಠೆಯನ್ನು ಬೋಧಿಸಿದ ಬಸವಣ್ಣನದೂ ಅದೇ. ಯೋಹಾನನ ಸುವಾರ್ತೆಯ ಆ ಮಾತನ್ನು ನಾನು ಈ ಸಾಲಿನಲ್ಲಿಟ್ಟು ಓದುತ್ತೇನೆ. ಅದು ಶಿಷ್ಯರೊಡನೆ ಕೊನೆಯ ಊಟದ ರಾತ್ರಿ ಆಡಿದ ಮಾತು, ಅಗಲಿಕೆಗೆ ಅಂಜಿದವರಿಗೆ ಹೇಳಿದ್ದು. ನೆರೆಮನೆಯವರ ದೇವರ ಮೇಲೆ ಹೊರಡಿಸಿದ ಜಾಹೀರುನಾಮೆಯಲ್ಲ. ಹಾಗೆಂದ ಮಾತ್ರಕ್ಕೆ ಅದರ ಬಿರುಸು ಇಳಿಯುವುದೂ ಇಲ್ಲ. ಒಲವಿನ ಭಾಷೆಯೂ ನಿಜದ ಮಾತನ್ನೇ ಆಡುತ್ತದೆ.

ಈ ಬಿರುಸಿನೊಡನೆ ಜೀವಮಾನವೆಲ್ಲ ಹೆಣಗಿದ ಒಬ್ಬ ಕನ್ನಡನಾಡಿನ ಕ್ರೈಸ್ತರನ್ನು ನಮ್ಮ ಸಾಹಿತ್ಯಲೋಕ ಇನ್ನೂ ಸರಿಯಾಗಿ ಅರಿತಿಲ್ಲ. ಸ್ಟ್ಯಾನ್ಲಿ ಸಮರ್ಥರು 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನ ಪರಂಪರೆಯಲ್ಲಿ ಬೆಳೆದು, ಮಂಗಳೂರಿನ ಬಲ್ಮಠದ ದೈವಜ್ಞಾನ ಶಾಲೆಯಲ್ಲಿಯೂ ಮುಂದೆ ಬೆಂಗಳೂರು, ಸೆರಾಂಪುರಗಳಲ್ಲಿಯೂ ಕಲಿಸಿದರು. 1971ರಲ್ಲಿ ಜಿನೀವಾದ ಜಾಗತಿಕ ಚರ್ಚುಗಳ ಮಂಡಲಿಯು ಅನ್ಯಧರ್ಮೀಯರೊಡನೆ ಸಂವಾದಕ್ಕೆಂದು ಒಂದು ವಿಭಾಗವನ್ನು ತೆರೆದಾಗ ಅದರ ಮೊದಲ ನಿರ್ದೇಶಕರಾದರು. ದೇವರೊಬ್ಬನೇ ನಿರಪೇಕ್ಷ, ಧರ್ಮಗಳೆಲ್ಲ, ಕ್ರೈಸ್ತಧರ್ಮವೂ ಸೇರಿ, ಆ ರಹಸ್ಯಕ್ಕೆ ಮನುಷ್ಯರು ಓಗೊಟ್ಟ ರೀತಿಗಳು ಎಂಬುದು ಅವರ ನಿಲುವು. ಕ್ರಿಸ್ತನಿಗೆ ತನ್ನ ಬಾಳನ್ನು ಒಪ್ಪಿಸಿಕೊಂಡವನು ನೆರೆಯವನ ಬಾಳನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲವೆಂದು 1991ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಕ್ರಿಸ್ತನು ಒಬ್ಬ, ಧರ್ಮಗಳು ಹಲವು ಎಂಬುದು ಅದರ ಹೆಸರಿನ ಅರ್ಥ.

ಇವರಿಗೆ ಎದುರಾಗಿ ನಿಂತವರು ಲೆಸ್ಲಿ ನ್ಯೂಬಿಗಿನ್. 1936ರಲ್ಲಿ ಭಾರತಕ್ಕೆ ಬಂದು, 1947ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಬಿಶಪ್ಪರಲ್ಲಿ ಒಬ್ಬರಾದ ಇವರು ತಮಿಳು ಬಲ್ಲವರು, ಕಂಚಿಯಲ್ಲಿ ರಾಮಕೃಷ್ಣ ಮಠದವರೊಡನೆ ಕುಳಿತು ಉಪನಿಷತ್ತನ್ನೂ ಸುವಾರ್ತೆಯನ್ನೂ ಓದಿದವರು. ನಮ್ಮವರ ಅಂಧಗಜನ್ಯಾಯವನ್ನು ಅವರು ಹಿಡಿದು ತಿರುಗಿಸಿದ ಬಗೆ ಮರೆಯುವಂಥದಲ್ಲ. ಕುರುಡರು ಆನೆಯ ಒಂದೊಂದು ಅಂಗವನ್ನು ಮುಟ್ಟಿ ಒಂದೊಂದು ಬಗೆಯಾಗಿ ಹೇಳಿದರು. ಹಾಗೆಯೇ ಮತಗಳೆಲ್ಲ ಅರೆಸತ್ಯಗಳು ಎನ್ನುತ್ತೇವಲ್ಲವೆ? ಆದರೆ ಈ ಕಥೆಯನ್ನು ಹೇಳುತ್ತಿರುವವನು ಯಾರು? ಆತನಿಗೆ ಇಡಿಯ ಆನೆ ಕಾಣುತ್ತಿದೆ. ಉಳಿದವರೆಲ್ಲ ಕುರುಡರು, ತಾನೊಬ್ಬ ಕಣ್ಣುಳ್ಳವನು ಎಂಬುದು ವಿನಯದ ವೇಷ ತೊಟ್ಟ ನಿರಪೇಕ್ಷವಾದವೇ ಎಂದರು ನ್ಯೂಬಿಗಿನ್. ಈ ತರ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ. ಎಲ್ಲವೂ ಸಾಪೇಕ್ಷವೆಂಬ ಮಾತನ್ನು ಸಾಪೇಕ್ಷವಲ್ಲದ ದನಿಯಲ್ಲಿಯೇ ಹೇಳಬೇಕಾಗುತ್ತದೆ. ಆದರೂ ಸತ್ಯವು ಒಂದೇ ಇದ್ದರೂ, ಅದನ್ನು ಹಿಡಿದ ಕೈ ನನ್ನದೇ, ಬೆಳಗಾವಿ ಜಿಲ್ಲೆಯ ಈ ಮಣ್ಣಿನ ಕೈ, ಎಂಬುದನ್ನು ನನಗೆ ಕಲಿಸಿದವರು ಸಮರ್ಥರು. ನ್ಯೂಬಿಗಿನ್ 1998ರಲ್ಲಿ, ಸಮರ್ಥರು 2001ರಲ್ಲಿ ತೀರಿಕೊಂಡರು. ವಾದ ತೀರಲಿಲ್ಲ.

ಕ್ಯಾಥಲಿಕರೂ ಈ ಹಾದಿಯಲ್ಲಿ ತಮ್ಮದೇ ನಡೆ ನಡೆದರು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಸಮ್ಮೇಳನವು ಉಳಿದ ಧರ್ಮಗಳಲ್ಲಿರುವ ನಿಜವೂ ಪವಿತ್ರವೂ ಆದುದನ್ನು ಸಭೆ ತಳ್ಳಿಹಾಕುವುದಿಲ್ಲವೆಂದು ಘೋಷಿಸಿತು. ನಮ್ಮ ಜಿಲ್ಲೆಯ ದೇಶನೂರಿನಲ್ಲಿ ಜೆಸುಯಿಟ್ ಪಾದ್ರಿಗಳು ಕಾವಿ ಉಟ್ಟು ವಿರಕ್ತಮಠವನ್ನೇ ಕಟ್ಟಿದ್ದಾರೆ. ಇದನ್ನು ಕೆಲವರು ಸೌಹಾರ್ದವೆನ್ನುತ್ತಾರೆ, ಕೆಲವರು ಉಪಾಯವೆನ್ನುತ್ತಾರೆ. ಲಂಡನ್ ಸೊಸಾಯಿಟಿಯವರ ಆ ಹಳೆಯ ಪ್ರಶ್ನೆ, ತಿರುಳು ಯಾವುದು ಸಿಪ್ಪೆ ಯಾವುದು ಎಂಬುದು, ಅಲ್ಲಿ ಕಾವಿಯ ಬಣ್ಣದಲ್ಲಿ ಕಾಣುತ್ತದೆ, ಅಷ್ಟೆ.

ಇನ್ನು ಮಿಶನರಿಗಳ ಬಗ್ಗೆ ಒಂದು ಮಾತು ಉಳಿದಿದೆ. ಹರ್ಮನ್ ಮ್ಯೋಗ್ಲಿಂಗನಿಗೆ ಸತ್ಯದ ವಿಷಯದಲ್ಲಿ ಲವಲೇಶವೂ ಸಂದೇಹವಿರಲಿಲ್ಲ. ವಿಗ್ರಹಪೂಜೆ ಅವನ ಕಣ್ಣಿಗೆ ಕತ್ತಲೆ. ಅದೇ ಮ್ಯೋಗ್ಲಿಂಗ್ 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿ ಭಾರತಗಳನ್ನು ಅಚ್ಚು ಹಾಕಿಸಿದ. 1850ರಲ್ಲಿ ದಾಸರ ಪದಗಳನ್ನು ಪುಸ್ತಕವಾಗಿ ಹೊರತಂದ. ಎದುರಾಳಿಯನ್ನು ಅರಿಯಲೆಂದ ಮಾತ್ರಕ್ಕೆ ಇಷ್ಟು ದುಡಿಯುವವರುಂಟೆ? ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ ಹಣ ಕೊಟ್ಟ, ಸರಿ. ಕಣ್ಣು ಕೊಟ್ಟವರು ಪಾದ್ರಿಗಳು. ಸಾಪೇಕ್ಷವಾದಿಯಾಗಿದ್ದರೆ ಮ್ಯೋಗ್ಲಿಂಗನು ಈ ನಾಡಿಗೆ ಹೊರಡುತ್ತಲೇ ಇರಲಿಲ್ಲ ಎಂಬುದನ್ನೂ ಇಲ್ಲಿಯೇ ನೆನೆಯಬೇಕು.

1853ರಲ್ಲಿ ಬಂದ ಕಿಟ್ಟೆಲ್ಲನದು ಇನ್ನೂ ತೊಡಕಿನ ಮನಸ್ಸು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹಾಡಿದ. ವೈದಿಕ ಯಜ್ಞವು ಕ್ರಿಸ್ತನ ಬಲಿಯತ್ತ ಬೆರಳು ಮಾಡುತ್ತದೆಂದು ವಾದಿಸಿ 1872ರಲ್ಲಿ ಒಂದು ಕಿರುಹೊತ್ತಗೆ ಬರೆದ. ಜೈನ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚಿಗೆ ತಂದದ್ದೂ ಅದೇ ವರ್ಷವೇ. ಒಂದು ಕೆಲಸದಲ್ಲಿ ಉಳಿದವರ ಸತ್ಯವನ್ನು ತನ್ನ ಸತ್ಯದ ಮುನ್ನುಡಿಯಾಗಿ ಓದಬೇಕು. ಇನ್ನೊಂದರಲ್ಲಿ ಉಳಿದವರು ಬರೆದದ್ದನ್ನು ಒಂದಕ್ಷರವೂ ತಪ್ಪದಂತೆ ಅವರದಾಗಿಯೇ ಉಳಿಸಬೇಕು. ಎರಡೂ ಒಂದೇ ಮೇಜಿನ ಮೇಲೆ, ಒಂದೇ ದೀಪದ ಕೆಳಗೆ ನಡೆದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಕನ್ನಡ-ಇಂಗ್ಲಿಷ್ ನಿಘಂಟು 1752 ಪುಟಗಳದ್ದು, ಸುಮಾರು 70,000 ಶಬ್ದಗಳದ್ದು. ಅದರ ಎಷ್ಟೋ ಶಬ್ದಗಳಿಗೆ ಬಸವಪುರಾಣ, ಜೈಮಿನಿ, ದಾಸರ ಪದ, ಹಳ್ಳಿಯ ಗಾದೆಗಳು ಬಂದು ಸಾಕ್ಷಿ ನುಡಿಯುತ್ತವೆ. ಸಾಕ್ಷಿಯವರು ಯಾವ ಮತದವರೆಂದು ಕೋಶಕಾರ ವಿಚಾರಿಸಲಿಲ್ಲ.